ಹುಂಜ ನಮ್ಮ ಪಾಲಿಗೆ

ನನಗೊಂದು ಕೆಟ್ಟ ಚಾಳಿಯಿದೆ. ಯಾರ ಮನೆಗೇ ಹೋಗಲಿ, ಅಂಗಳದಲ್ಲಿ ಕೋಳಿಮರಿ ಕಂಡರೆ ಕೈ ಸುಮ್ಮನಿರುವುದಿಲ್ಲ. ಬಾಗಿ ಒಂದನ್ನು ಹಿಡಿದು, ರೆಕ್ಕೆ ಬಿಡಿಸಿ, ಬಾಲದ ಬುಡ ನೋಡಿ, ಇದು ಹುಂಜ ಎಂದೋ ಇದು ಹ್ಯಾಟೆ ಎಂದೋ ತೀರ್ಪು ಕೊಟ್ಟು ಕೆಳಗೆ ಬಿಟ್ಟರೇ ಸಮಾಧಾನ. ಹ್ಯಾಟೆ ಎಂದರೆ ಹೆಣ್ಣುಕೋಳಿ. ನಮ್ಮವ್ವನ ಬಾಯಲ್ಲಿ ಅದು ಯಾಟೆ, ಹುಂಜ ಉಂಜ. ಹಿಂದೊಮ್ಮೆ ಚನ್ನರಾಯಪಟ್ಟಣದಲ್ಲಿ ನಮ್ಮ ಯಜಮಾನರ ಕಡೆಯವರ ಗೃಹಪ್ರವೇಶಕ್ಕೆ ಹೋದಾಗ, ರೇಷ್ಮೆ ಸೀರೆ ಉಟ್ಟುಕೊಂಡು ಪಕ್ಕದ ಮನೆಯವರ ತಿಪ್ಪೆಯ ಬಳಿ ಕುಕ್ಕರುಗಾಲಿನಲ್ಲಿ ಕೂತು ಮರಿ ಹಿಡಿದಿದ್ದೆ. ಯಜಮಾನರು ಹುಡುಕಿಕೊಂಡು ಬಂದು, "ಟೀಚರಮ್ಮ, ಇಲ್ಲೂ ಪರೀಕ್ಷೆ ನಡೆಸ್ತಿದ್ದೀರಾ? ಅಲ್ಲಿ ಎರಡನೇ ಪಂಕ್ತಿ ಎದ್ದೋಯ್ತು" ಎಂದರು. ಅವತ್ತು ಸೀರೆಯ ಅಂಚಿಗೆ ಹತ್ತಿದ ಕಲೆ ಇನ್ನೂ ಹೋಗಿಲ್ಲ. ಆದರೆ ಆ ಮರಿ ಹ್ಯಾಟೆಯೇ ಆಗಿತ್ತು.

ನೀವು ಹಾಸನದ ಕಡೆಯವರಾದರೆ ನಿಮಗೆ ಗೊತ್ತಿರುತ್ತದೆ, ಈಗ ನಮ್ಮ ಬಡಾವಣೆಗಳಲ್ಲಿ ಮನೆಗೊಂದು ಕೋಳಿಗೂಡು. ಸೈಟಿನ ಹಿಂದೆ ಮೂರಡಿ ಜಾಗ ಉಳಿದರೆ ಸಾಕು, ಜಾಲರಿ ಹೊಡೆಸಿ ನಾಟಿ ಕೋಳಿ ಬಿಡುತ್ತಾರೆ. ಬೆಳಗಿನ ವಾಕಿಂಗಿನಲ್ಲಿ ಹಿಂದೆಲ್ಲ ಶುಗರು, ಬೀಪಿ, ಮಕ್ಕಳ ಮದುವೆಯ ಮಾತು. ಈಗ ಯಾರ ಕೋಳಿ ಕಾವಿಗೆ ಕೂತಿತು, ಯಾರದು ಮೊಟ್ಟೆ ನಿಲ್ಲಿಸಿತು ಎಂಬ ವರದಿ. ಎಲ್ಲರಿಗೂ ಇರುವ ಒಂದೇ ಚಿಂತೆ, ಮರಿಗಳಲ್ಲಿ ಹ್ಯಾಟೆ ಎಷ್ಟು, ಹುಂಜ ಎಷ್ಟು. ಒಬ್ಬರು ಕಾವಿಗೆ ಇಡುವ ಮುಂಚೆಯೇ ಮೊಟ್ಟೆಯನ್ನು ಬೆಳಕಿಗೆ ಹಿಡಿದು, ತುದಿ ಚೂಪಿದ್ದರೆ ಹುಂಜ, ದುಂಡಗಿದ್ದರೆ ಹ್ಯಾಟೆ ಎನ್ನುತ್ತಾರೆ. ಇನ್ನೊಬ್ಬರು ಮರಿಯ ಕಾಲು ಹಿಡಿದು ತಲೆಕೆಳಗು ಮಾಡಿ, ಕತ್ತೆತ್ತಿದರೆ ಹ್ಯಾಟೆ, ಜೋತುಬಿಟ್ಟರೆ ಹುಂಜ ಎನ್ನುತ್ತಾರೆ. ಮೂರನೆಯ ಬೀದಿಯ ರಿಟೈರ್ಡ್ ಮೇಷ್ಟ್ರು ದಾರಕ್ಕೆ ಹೆಂಡತಿಯ ಉಂಗುರ ಕಟ್ಟಿ ಮೊಟ್ಟೆಯ ಮೇಲೆ ತೂಗಿಬಿಟ್ಟು, ಸುತ್ತುತ್ತದೋ ಆಡುತ್ತದೋ ಎಂದು ಉಸಿರು ಬಿಗಿಹಿಡಿದು ಕೂರುತ್ತಾರೆ. ಎಲ್ಲರ ಪರೀಕ್ಷೆಯೂ ಅರ್ಧಕ್ಕರ್ಧ ಸರಿಹೋಗುತ್ತದೆ. ಕಣ್ಣು ಮುಚ್ಚಿಕೊಂಡು ಹೇಳಿದರೂ ಅರ್ಧಕ್ಕರ್ಧ ಸರಿಹೋಗುತ್ತದೆ ಎಂಬುದು ಮಾತ್ರ ಯಾರಿಗೂ ಹೊಳೆದಿಲ್ಲ.

ನಮ್ಮ ಯಜಮಾನರೇ ಒಮ್ಮೆ ಅರಕಲಗೂಡಿನಿಂದ ಬರುವಾಗ ಬಸ್‌ಸ್ಟ್ಯಾಂಡಿನಲ್ಲಿ ಬಣ್ಣ ಹಚ್ಚಿದ ಮರಿಗಳನ್ನು ಡಬ್ಬದಲ್ಲಿ ಹಾಕಿಸಿಕೊಂಡು ಬಂದಿದ್ದರು. ಗುಲಾಬಿ, ಹಸಿರು, ಹಳದಿ. ಮಾರುವವನು "ಎಲ್ಲಾ ಯಾಟೆನೇ ಸಾ, ಗ್ಯಾರಂಟಿ" ಎಂದನಂತೆ. ಫಾರಮ್ಮಿನವರು ಹ್ಯಾಟೆ ಇಟ್ಟುಕೊಂಡು ಬೇಡವೆಂದು ಎಸೆದ ಹುಂಜಗಳಿಗೇ ಹೀಗೆ ಬಣ್ಣ ಬಳಿಯುವುದೆಂದು ಅವರಿಗೆ ಹೇಳಿದೆ. ನಂಬಲಿಲ್ಲ. ಬಣ್ಣ ಬಿಟ್ಟು ಬೆಳ್ಳಗಾದ ಮೇಲೆ ಬದುಕಿ ಉಳಿದವೆಲ್ಲ ಒಂದೊಂದಾಗಿ ಕೂಗತೊಡಗಿದವು. ಅವ್ವ ಬಾಗಿಲಲ್ಲಿ ಕೂತು, "ಅಳಿಯಂದ್ರು ಯಾಟೆ ತಂದವ್ರೆ, ಕೂಗೋ ಯಾಟೆ" ಎಂದು ಸೆರಗು ಬಾಯಿಗೆ ಅಡ್ಡ ಹಿಡಿದು ನಕ್ಕಳು. ಅವ್ವ ಹಾಗೆ ನಗುವುದು ಅಪರೂಪ.

ಅವ್ವ ಈಗ ನಮ್ಮ ಜೊತೆಯಲ್ಲೇ ಇದ್ದಾಳೆ. ನನ್ನ ಚಾಳಿ ಅವಳಿಂದಲೇ ಬಂದದ್ದು. ಅವಳು ಉಂಗುರವನ್ನೂ ತೂಗುವುದಿಲ್ಲ, ಮರಿಯನ್ನೂ ತಲೆಕೆಳಗು ಮಾಡುವುದಿಲ್ಲ. ಹ್ಯಾಟೆಗೆ ಬಾಲ ಬೇಗ ಬರುತ್ತದೆ, ಹುಂಜ ಬಹಳ ದಿನ ಬೋಳುಬೋಳಾಗಿ ತಿರುಗುತ್ತದೆ. ಹುಂಜಕ್ಕೆ ಜುಟ್ಟು ಮೊದಲು ಕೆಂಪಾಗುತ್ತದೆ, ಕಾಲು ದಪ್ಪ. ಅವ್ವನಿಗೆ ಇಷ್ಟು ಸಾಕು. ಕವುಚಿದ ಮಂಕರಿ ಬುಟ್ಟಿ ಎತ್ತಿದಾಗ ಮರಿಗಳು ದಿಕ್ಕಾಪಾಲಾಗಿ ಓಡುತ್ತವಲ್ಲ, ಆ ಒಂದು ಓಟದಲ್ಲೇ ಅವಳು ಎಣಿಸಿ ಮುಗಿಸಿರುತ್ತಾಳೆ. ನಾನು ಕೈಯಲ್ಲಿ ಹಿಡಿದು ನೋಡಿಯೂ ಒಮ್ಮೊಮ್ಮೆ ತಪ್ಪುತ್ತೇನೆ. ಬಿ.ಎಡ್. ಮಾಡಿದ್ದಕ್ಕೆ ಇರಬೇಕು.

ನಮ್ಮ ಹಿಂದಿನ ಮನೆಯ ಜಯಕ್ಕ ಅರಕಲಗೂಡು ಕಡೆಯವರು. ಜಮೀನು, ಟ್ರಾಕ್ಟರು, ಹಾಸನದಲ್ಲಿ ಎರಡು ಮಳಿಗೆ. ಒಳ್ಳೆಯವರೇ. ನನ್ನನ್ನು ಬಾಯಿತುಂಬ ಮೇಡಂ ಎನ್ನುತ್ತಾರೆ, ನಾನು ಹೊಳೇನರಸೀಪುರದ ಶಾಲೆಯಿಂದ ಬರುವುದು ತಡವಾದರೆ ಒಣಗಿದ ಬಟ್ಟೆ ತೆಗೆದಿಡುತ್ತಾರೆ, ಬದನೆಕಾಯಿ ಕೊಡುತ್ತಾರೆ. ಆದರೆ ನಮ್ಮ ಮನೆಯಲ್ಲಿ ಇದುವರೆಗೆ ಕಾಫಿ ಕುಡಿದಿಲ್ಲ. ಯಾವಾಗ ಬಂದರೂ, "ಈಗ್ತಾನೆ ಕುಡ್ಕಂಡ್ ಬಂದೆ ಮೇಡಂ." ಬೆಳಿಗ್ಗೆ ಬಂದರೂ ಅದೇ, ಮಧ್ಯಾಹ್ನ ಬಂದರೂ ಅದೇ. ಹಾಸನ ಜಿಲ್ಲೆಯಲ್ಲಿ ಇಷ್ಟು ಕಾಫಿ ಕುಡಿಯುವ ಹೆಂಗಸು ಇನ್ನೊಬ್ಬಳಿರಲಾರಳು. ಅವರು ಬಂದರೆ ಅವ್ವ ಎದ್ದು ನಿಲ್ಲುತ್ತಾಳೆ. ಜಯಕ್ಕ ನನಗಿಂತ ಚಿಕ್ಕವರು. "ಕೂತ್ಕಳಿ ಅಮ್ಮಾ" ಎಂದು ಅವರೇ ಹೇಳಿದರೂ, ಪಕ್ಕದಲ್ಲಿ ಕುರ್ಚಿ ಖಾಲಿ ಇದ್ದರೂ, ಅವ್ವ ನೆಲದ ಮೇಲೆ ಕೂರುತ್ತಾಳೆ. ನಾನು ಶಾಲೆಯಲ್ಲಿ ಸಂವಿಧಾನದ ಪಾಠ ಮಾಡುತ್ತೇನೆ, ಸಮಾನತೆಯ ಬಗ್ಗೆ ಪ್ರಬಂಧ ಬರೆಸಿ ಮಾರ್ಕ್ಸು ಕೊಡುತ್ತೇನೆ. ಮನೆಯಲ್ಲಿ ನನ್ನ ಹೆತ್ತವ್ವನನ್ನು ಒಂದು ಪ್ಲಾಸ್ಟಿಕ್ ಕುರ್ಚಿಯ ಮೇಲೆ ಕೂರಿಸಲು ನನ್ನಿಂದ ಆಗಿಲ್ಲ.

ಒಂದು ದಿನ ಜಯಕ್ಕ ಬಂದವರು, "ಮೇಡಂ, ನಮ್ ಯಾಟೆ ಕಾವಿಗೆ ಬಂದದೆ. ನಮ್ ಇತ್ಲಿಗೆಲ್ಲ ಸಿಮೆಂಟ್ ಹಾಕ್ಸ್‌ಬುಟ್ರು, ಮರಿ ಕೆರ್ಕಳಕ್ಕೂ ಮಣ್ಣಿಲ್ಲ. ನಿಮ್ ಅಮ್ಮ ಚೆನ್ನಾಗ್ ಸಾಕ್ತಾರೆ. ಪಾಲಿಗೆ ಕೊಡ್ತೀನಿ, ಮರಿ ಅರ್ಧ ಅರ್ಧ" ಎಂದರು.

ಪಾಲು ಎಂಬ ಮಾತು ಕಿವಿಗೆ ಬಿದ್ದದ್ದೇ ನನ್ನ ಮೈ ಉರಿಯಿತು. ಜಯಕ್ಕನ ಮನಸ್ಸಿನಲ್ಲಿ ಏನೂ ಇರಲಿಲ್ಲ, ಗೊತ್ತು. ಅದೇ ಇನ್ನೂ ಉರಿಸಿತು. ನಿಮಗೆ ಇದು ಅರ್ಥವಾಗಬೇಕಾದರೆ ನಾನು ನಮ್ಮೂರಿಗೆ ಹೋಗಬೇಕು.

ನಮ್ಮೂರು ಹಳೇಕೋಟೆ ಹೋಬಳಿಯದು. ಊರಿನಿಂದ ಸ್ವಲ್ಪ ಆಚೆಗೆ ನಮ್ಮ ಕೇರಿ. ದೊಡ್ಡಮನೆಯ ತಾಯಮ್ಮನವರ ಕೋಳಿ ನಮ್ಮ ಹಟ್ಟಿಯಲ್ಲಿ ಇರುತ್ತಿತ್ತು. ಅವರ ಮನೆಯಲ್ಲಿ ಕೋಳಿ ಬಿಟ್ಟರೆ ಕಣದ ರಾಗಿ ಕೆದಕುತ್ತದೆ, ಹಜಾರ ಗಲೀಜಾಗುತ್ತದೆ. ನಮ್ಮಲ್ಲಿ ಕೆದಕಲು ಕಣವೂ ಇರಲಿಲ್ಲ, ಗಲೀಜಾಗಲು ಹಜಾರವೂ ಇರಲಿಲ್ಲ. ಪಾಲಿನ ನ್ಯಾಯ ಸರಳ. ಕೋಳಿ ಅವರದು. ಮೊಟ್ಟೆ ಅವರದು. ಸಾಕುವುದು ನಾವು. ಮರಿಯಾದರೆ ಅರ್ಧ ಅವರಿಗೆ, ಅರ್ಧ ನಮಗೆ. ಹದ್ದು ಎತ್ತಿಕೊಂಡು ಹೋದದ್ದು ಮಾತ್ರ ಯಾವಾಗಲೂ ನಮ್ಮ ಪಾಲಿನದು. ಆ ಹದ್ದಿಗೆ ಯಾರ ಮರಿ ಯಾವುದೆಂದು ಹೇಗೆ ತಿಳಿಯುತ್ತಿತ್ತೋ, ನನಗೆ ಇವತ್ತಿಗೂ ಗೊತ್ತಾಗಿಲ್ಲ.

ಅವ್ವ ಕೂಲಿ ಮುಗಿಸಿ ಬರುವಾಗ ಹೊಲದ ಬದುವಿನಲ್ಲಿ ಹಳೇ ಮಡಕೆಗೆ ಸಗಣಿ ತುಂಬಿ ಮಗುಚಿಟ್ಟು ಬರುತ್ತಿದ್ದಳು. ಮಾರನೆಯ ದಿನಕ್ಕೆ ಅದರ ತುಂಬ ಗೆದ್ದಲು. ತಂದು ಅಂಗಳದಲ್ಲಿ ಬಡಿದರೆ ಮರಿಗಳಿಗೆ ಹಬ್ಬ. ನಮಗೆ ಮುದ್ದೆಗೆ ಬರೀ ಉಪ್ಪು ಖಾರವಾದ ದಿನವೂ ಮರಿಗಳಿಗೆ ಗೆದ್ದಲು ತಪ್ಪುತ್ತಿರಲಿಲ್ಲ. ಗೆದ್ದಲಿಗಾಗಿ ನಾನೂ ಮಡಕೆ ಹೊತ್ತಿದ್ದೇನೆ. ನನ್ನ ಅಂಗೈ ಈಗಲೂ ಯಾವುದಾದರೂ ಮದುವೆಯಲ್ಲಿ ಗಂಧ ಹಚ್ಚಿಸಿಕೊಳ್ಳುವಾಗ ಒಂದು ಕ್ಷಣ ಸಗಣಿಯ ತಂಪು ನೆನೆಯುತ್ತದೆ.

ಪಾಲು ಹಂಚುವುದು ಮರಿಗಳಿಗೆ ಜುಟ್ಟು ಮೂಡಿ, ಕುರುಡನಿಗೂ ಹ್ಯಾಟೆ ಹುಂಜ ತಿಳಿಯುವ ಹೊತ್ತಿಗೆ. ತಾಯಮ್ಮನವರು ಕೇರಿಯ ಬಾಯಿಗೆ ಬಂದು ನಿಲ್ಲುತ್ತಿದ್ದರು. ಅಲ್ಲಿಂದ ಈಚೆಗೆ ಬರುತ್ತಿರಲಿಲ್ಲ. ಅವ್ವ ಮಂಕರಿಯನ್ನು ಅಲ್ಲಿಗೇ ಹೊತ್ತುಕೊಂಡು ಹೋಗಿ, ಇಟ್ಟು, ಹಿಂದಕ್ಕೆ ಸರಿಯಬೇಕು. ಅವರು ಕೈಯಲ್ಲಿದ್ದ ಕಡ್ಡಿಯಿಂದ ತೋರಿಸುತ್ತಿದ್ದರು, "ಅದು, ಅದು, ಆ ಕರೇದು." ಆಳು ಎತ್ತಿಕೊಳ್ಳುತ್ತಿದ್ದ. ಎತ್ತಿದ್ದೆಲ್ಲ ಹ್ಯಾಟೆ. ಮಂಕರಿಯಲ್ಲಿ ಉಳಿದದ್ದೆಲ್ಲ ಹುಂಜ. ಎಣಿಸಿದರೆ ಅರ್ಧಕ್ಕರ್ಧ ಸರಿಯಾಗಿಯೇ ಇರುತ್ತಿತ್ತು, ಯಾರೂ ಮೋಸ ಎನ್ನುವಂತಿರಲಿಲ್ಲ. ನಾವು ಮುಟ್ಟಿದ ನೀರು ಆಗುತ್ತಿರಲಿಲ್ಲ, ನಮ್ಮ ಅಂಗಳದಲ್ಲಿ ಬೆಳೆದು ನಮ್ಮ ಎಂಜಲು ತಿಂದ ಕೋಳಿ ಆಗುತ್ತಿತ್ತು. ಕೋಳಿಗೆ ಮೈಲಿಗೆಯಿಲ್ಲ. ಕೋಳಿಯ ಪುಣ್ಯ.

ಹೀಗಾಗಿ ನಮ್ಮ ಮನೆಯಲ್ಲಿ ಕೋಳಿಸಾರಿಗೆ ಬರವಿರಲಿಲ್ಲ. ಹುಂಜವನ್ನು ಇನ್ನೇನು ಮಾಡುವುದು? ನೆಂಟರು ಬಂದರೆ ಒಂದು, ಮಾರಮ್ಮನಿಗೆ ಒಂದು, ಜ್ವರ ಬಂದರೆ ಒಂದು. ನಾನು ಶಾಲೆಯಲ್ಲಿ ನಿನ್ನೆ ನಮ್ಮನೇಲಿ ಕೋಳಿಸಾರು ಎಂದು ಜಂಬ ಕೊಚ್ಚಿದ್ದೂ ಉಂಟು. ಆದರೆ ಹ್ಯಾಟೆ ಇದ್ದವರಿಗೆ ಮುಂದಿನ ವರ್ಷವೂ ಕೋಳಿ ಇರುತ್ತದೆ, ಹುಂಜ ಇದ್ದವರಿಗೆ ಒಂದು ಹೊತ್ತಿನ ಸಾರು. ಸಾರು ಉಂಡು ಕೈ ತೊಳೆದ ಮೇಲೆ ಅವ್ವ ಮತ್ತೆ ದೊಡ್ಡಮನೆಯ ಹಿಂಬಾಗಿಲಲ್ಲಿ ನಿಂತು, "ಅವ್ವಾರೆ, ಈ ಸಲಾನೂ ಒಂದು ಯಾಟೆ ಪಾಲಿಗೆ ಕೊಡ್ರವ್ವಾ" ಎನ್ನಬೇಕು. ತನ್ನದೆಂಬ ಒಂದು ಹ್ಯಾಟೆ ಇದ್ದರೆ ಈ ಮಾತು ಆಡಬೇಕಿರಲಿಲ್ಲ. ಅವ್ವನಿಗೆ ಬಂಗಾರದ ಓಲೆಯ ಆಸೆಯಿರಲಿಲ್ಲ. ಇದ್ದದ್ದು ಇದೊಂದೇ ಆಸೆ.

ಒಂದು ಸಲ ಅದು ಕೈಗೂಡಿತು. ಒಂದು ಕೆಂದುಬಣ್ಣದ ಮರಿಗೆ ಅದ್ಯಾಕೋ ಜುಟ್ಟು ಬೇಗ ಕೆಂಪಾಯಿತು, ಕಾಲು ದಪ್ಪ, ಕಂಡಕಂಡ ಮರಿಯ ಮೇಲೆ ಜಗಳ. ತಾಯಮ್ಮನವರು, "ಆ ಜಗಳಗಂಟ ಉಂಜ ನಿಂಗೇ ಇರ್ಲಿ ಕಣೆ ಪುಟ್ಟಿ" ಎಂದು ನಕ್ಕು ಬಿಟ್ಟುಹೋದರು. ಅವ್ವ ತಲೆ ಎತ್ತಲಿಲ್ಲ. ಮಂಕರಿ ಹೊತ್ತು ಹಟ್ಟಿಗೆ ಬಂದು, ಬಾಗಿಲು ಒರಗಿಸಿ, ಆ ಮರಿಯನ್ನು ಎದೆಗವುಚಿಕೊಂಡು ನನ್ನ ಕಿವಿಯಲ್ಲಿ, "ಯಾಟೆ ಕಣ್ಮಗಾ ಇದು. ಬಾಲ ನೋಡ್ದಾಗ್ಲೇ ಗೊತ್ತಿತ್ತು ನಂಗೆ" ಎಂದಳು. ಹೊರಗೆ ಅದನ್ನು ಕೆಂಚ ಎಂದು ಕರೆಯುತ್ತಿದ್ದಳು, ಬೇರೆಯವರ ಎದುರು ಉಂಜ ಉಂಜ ಎಂದು ಬೈಯುತ್ತಿದ್ದಳು. ಒಳಗೆ ಅದು ಕೆಂಚಿ. "ಇದು ಮೊಟ್ಟೆ ಇಕ್ಕಿದ್ರೆ ಎಲ್ಲಾನೂ ಕಾವಿಗೆ ಮಡಗ್ತೀನಿ. ಆ ಮರಿ ಪೂರಾ ನಮ್ದೇ. ಯಾರ್ಗೂ ಪಾಲ್ ಕೊಡಂಗಿಲ್ಲ" ಎನ್ನುತ್ತಿದ್ದಳು. ಕೂಲಿಯಿಂದ ಬಂದು ಸುಸ್ತಾಗಿ ಕೂತಾಗ ಅವಳು ಆಡುತ್ತಿದ್ದ ಮಾತು ಇದೊಂದೇ. ನಮ್ಮವ್ವ ಅಷ್ಟು ಹುರುಪಾಗಿದ್ದುದನ್ನು ನಾನು ಆಮೇಲೆ ನೋಡಿಲ್ಲ.

ಆದರೆ ಕೋಳಿಗೆ ಬಾಯಿ ಕಟ್ಟುವುದು ಹೇಗೆ? ಕೆಂಚಿ ಚೊಚ್ಚಲು ಮೊಟ್ಟೆ ಇಟ್ಟ ದಿನ, ಹಟ್ಟಿಯ ಮಾಡು ಹತ್ತಿ ಕೊಕ್ಕೊಕ್ಕೋ ಎಂದು ಇಡೀ ಊರಿಗೆ ಸಾರಿತು. ಮೊಟ್ಟೆ ಇಟ್ಟ ಹ್ಯಾಟೆ ಮಾತ್ರ ಹಾಕುವ ಕೂಗು ಅದು. ಅವ್ವ ಓಡಿಹೋಗಿ ಮಂಕರಿ ಕವುಚುವಷ್ಟರಲ್ಲಿ ಆಗಬೇಕಾದ್ದು ಆಗಿತ್ತು.

ಸಂಜೆ ತಾಯಮ್ಮನವರು ಕೇರಿಯ ಬಾಯಿಗೆ ಬಂದರು. ಆಳಿನ ಕೈಯಲ್ಲಿ ಒಂದು ಹುಂಜ. ಬೈಯಲಿಲ್ಲ, ದನಿಯನ್ನೂ ಎತ್ತರಿಸಲಿಲ್ಲ. "ಲೇ ಪುಟ್ಟೀ, ಪಾಲು ತೆಪ್ಪಾಗೋಗದೆ ಕಣೆ. ಉಂಜ ಅಂತ ಬುಟ್ಟಿದ್ದು ಯಾಟೆ ಆಗ್ಬುಟ್ಟದಂತಲ್ಲ. ನಿನ್ ಪಾಲಿನ್ ಉಂಜ ತಂದಿವ್ನಿ. ಅದ್ನ ಕೊಡು."

"ಊಂ ಕಣವ್ವಾರೆ" ಎಂದಳು ಅವ್ವ. ತಾನೇ ಕೆಂಚಿಯನ್ನು ಹಿಡಿದಳು. ತಾನೇ ಕಾಲು ಕಟ್ಟಿದಳು. ಕೈಯಿಂದ ಕೈಗೆ ಕೊಡುವಂತಿಲ್ಲವಲ್ಲ, ನೆಲದ ಮೇಲಿಟ್ಟು ಹಿಂದಕ್ಕೆ ಸರಿದಳು. ಆಳು ಎತ್ತಿಕೊಂಡ. ತಾಯಮ್ಮನವರು ಹೊರಟವರು ತಿರುಗಿ, "ಆ ಮೊಟ್ಟೆ ನೀನೇ ಇಟ್ಕೊ, ಮಗೀಗೆ ಬೇಯ್ಸಿಕೊಡು" ಎಂದರು. ದೊಡ್ಡಮನೆಯವರದು ದೊಡ್ಡ ಮನಸ್ಸು ಎಂದು ಕೇರಿಯ ಹಿರಿಯರೇ ಆಡಿಕೊಂಡರು. ಅವ್ವ ಬೇಯಿಸಿ ಕೊಟ್ಟಳು, ನಾನು ತಿಂದೆ. ರುಚಿಯಾಗಿಯೇ ಇತ್ತು. ಹಸಿದ ಹೊಟ್ಟೆಗೆ ಮಾನ ಮರ್ಯಾದೆ ಎಲ್ಲಿಂದ ಬರಬೇಕು.

ಇಷ್ಟೆಲ್ಲ ನನ್ನ ತಲೆಯಲ್ಲಿ ತಿರುಗುತ್ತಿರುವಾಗ ಜಯಕ್ಕ ಉತ್ತರಕ್ಕೆ ಕಾಯುತ್ತಾ ನಿಂತಿದ್ದರು. ಬೇಡ, ನಾವು ಬೇಕಾದರೆ ಹತ್ತು ಕೋಳಿ ಕೊಂಡುಕೊಳ್ಳುತ್ತೇವೆ, ಯಾರ ಪಾಲೂ ಬೇಡ ಎಂದು ಬಾಯಿ ತೆರೆದೆ. ಅಷ್ಟರಲ್ಲಿ ಅವ್ವ ಎದ್ದು ನಿಂತು, "ಆಗ್ಲಿ ಕಣವ್ವಾರೆ, ತತ್ತೀನಿ" ಎಂದುಬಿಟ್ಟಳು. ಹಿಂದಿನ ಕಾಂಪೌಂಡಿನ ಹತ್ತಿರ ಹೋಗಿ ಕೋಳಿಯನ್ನು ಕಂಕುಳಲ್ಲಿ ಇರುಕಿಕೊಂಡೇ ಬಂದಳು.

ನನಗೆ ಒಂದು ಹಟ ಬಂತು. ಬಂದದ್ದು ಬಂತು, ಈ ಸಲ ಅವ್ವನೇ ಮೊದಲು ಆರಿಸಬೇಕು, ಒಂದು ಮಂಕರಿ ತುಂಬ ಹ್ಯಾಟೆ ಆರಿಸಿಕೊಳ್ಳಬೇಕು. "ಜಯಕ್ಕ, ಒಂದು ಮಾತು. ಹಂಚುವಾಗ ನಮ್ಮವ್ವ ಮೊದಲು ತಗೋತಾರೆ. ತಾಯಿಕೋಳಿ ಮರಿಗಳನ್ನ ಕುಕ್ಕಿ ದೂರ ಮಾಡಿದ ತಕ್ಷಣ ಹಂಚಿಬಿಡೋಣ, ತಡ ಬೇಡ" ಎಂದೆ. ಜುಟ್ಟು ಇನ್ನೂ ಸರಿಯಾಗಿ ಮೂಡದ ಆ ವಯಸ್ಸಿನ ಮರಿಯಲ್ಲಿ ಹ್ಯಾಟೆ ಹುಂಜ ಅವರಿಗೆ ತಿಳಿಯುವುದಿಲ್ಲ, ಅವ್ವನಿಗೆ ತಿಳಿಯುತ್ತದೆ. ನ್ಯಾಯವಲ್ಲ, ಹೌದು. ನಾನೇನು ಹರಿಶ್ಚಂದ್ರನ ವಂಶದವಳಲ್ಲ. ಜಯಕ್ಕ ನಕ್ಕು, "ಅಯ್ಯೋ ಅದ್ಕೇನ್ ಮೇಡಂ. ನಂಗೇನ್ ಗೊತ್ತಾಯ್ತದೆ? ನಮ್ಮನೆ ಕೋಳಿ ಎಲ್ಲಾ ಪಾಲಿಗೇ ಬುಡ್ತಿದ್ದೋ. ನಾವ್ ಯಾವತ್ ಸಾಕಿದ್ದೋ" ಎಂದರು. ಎಷ್ಟು ಸಲೀಸಾಗಿ ಹೇಳಿದರು.

ಅವ್ವ ಮಂಕರಿಗೆ ತೌಡು ಹರಡಿ, ಮೊಟ್ಟೆ ಜೋಡಿಸಿ, ಗುಡುಗಿಗೆ ಕೆಡದಿರಲೆಂದು ಒಂದು ಕಬ್ಬಿಣದ ಮೊಳೆ, ಇದ್ದಿಲು, ಒಣಮೆಣಸಿನಕಾಯಿ ಇಟ್ಟು ಕೋಳಿ ಕೂರಿಸಿದಳು. ಮರಿಗಳು ಬಂದ ಮೇಲೆ ಮನೆಯಲ್ಲಿ ಬೇರೆ ಮಾತಿಲ್ಲ. ನಾನು ದಿನಾ ಶಾಲೆಯಿಂದ ಬಂದು ಬ್ಯಾಗು ಇಡುವ ಮುಂಚೆ ಮಂಕರಿ ಎತ್ತಿ ನೋಡುತ್ತಿದ್ದೆ. ಬಾಲ ಮೂಡಿದವು ಇಷ್ಟು, ಬೋಳು ಇಷ್ಟು. ಅವ್ವನಿಗೆ ಗೊತ್ತಿದೆಯೋ ಇಲ್ಲವೋ ಎಂದು ಬೆರಳು ಮಾಡಿ ತೋರಿಸುತ್ತಿದ್ದೆ. "ಗೊತ್ತದೆ ಕಣವ್ವ, ನಂಗೇ ಯೋಳ್ಕೊಡ್ತೀಯಾ" ಎಂದು ನುಚ್ಚು ಎರಚುತ್ತಿದ್ದಳು. ಇನ್ನು ಅವಳ ಹಿತ್ತಲಲ್ಲಿ ಅವಳ ಹ್ಯಾಟೆಗಳು ಮಾಡು ಹತ್ತಿ ಎಷ್ಟು ಬೇಕಾದರೂ ಕೂಗಿಕೊಳ್ಳಲಿ ಎಂದು ನಾನು ಆಗಲೇ ಸಂಭ್ರಮಪಡುತ್ತಿದ್ದೆ. ಯಜಮಾನರು, "ಇನ್ನೂ ಹಂಚೇ ಇಲ್ಲ, ಆಗ್ಲೇ ಆಮ್ಲೆಟ್ ಹಾಕ್ತಿದ್ದೀಯಲ್ಲ" ಎಂದು ಕಾಲೆಳೆದರು.

ಒಂದು ಭಾನುವಾರ ಜಯಕ್ಕ ಖಾಲಿ ಬುಟ್ಟಿ ಹಿಡಿದು ಬಂದರು. ನಮ್ಮ ಹಿತ್ತಲಿಗೆ, ಒಳಗೇ ಬಂದರು. ಅದನ್ನು ಹೇಳದಿದ್ದರೆ ತಪ್ಪಾಗುತ್ತದೆ. ಮಾತಿಗೆ ತಪ್ಪದೆ, "ಅಮ್ಮಾ, ನೀವೇ ಮೊದ್ಲು ಆರ್ಸ್ಕಳಿ" ಎಂದರು.

ಅವ್ವ ಕುಕ್ಕರುಗಾಲಿನಲ್ಲಿ ಕೂತಳು. ಮಂಕರಿಯ ಬಾಯಿ ಸ್ವಲ್ಪ ಎತ್ತಿ ಕೈ ಹಾಕಿದಳು. ಮೊದಲು ಬಂದದ್ದು ಕರಿಯ ಮರಿ. ದಪ್ಪ ಕಾಲು, ಬೋಳು ಬಾಲ. ಹುಂಜ. ತಪ್ಪಿ ಕೈಗೆ ಬಂತೇನೋ, ಒಳಗೆ ಬಿಡುತ್ತಾಳೆ ಎಂದುಕೊಂಡೆ. ಅದನ್ನು ನಮ್ಮ ಬುಟ್ಟಿಗೆ ಹಾಕಿದಳು. ಎರಡನೆಯದು ಬೂದು ಬಣ್ಣದ್ದು. ಅದೂ ಹುಂಜ. ನಾನು ಕೆಮ್ಮಿದೆ. ಅವ್ವ ತಿರುಗಿ ನೋಡಲಿಲ್ಲ. ಮೂರನೆಯ ಸಲ ಕೈಗೆ ಒಂದು ಹ್ಯಾಟೆಯೇ ಸಿಕ್ಕಿತು, ಪುಟ್ಟ ಬಾಲ ಚೆನ್ನಾಗಿ ಮೂಡಿದ್ದು. ಅದರ ಬೆನ್ನನ್ನು ಒಮ್ಮೆ ಸವರಿ ಮಂಕರಿಯೊಳಗೇ ವಾಪಸ್ಸು ಬಿಟ್ಟಳು.

"ಅವ್ವಾ, ಸರಿಯಾಗಿ ನೋಡು" ಎಂದೆ.

"ನೋಡ್ತಾವ್ನಿ ಕಣವ್ವ."

ಒಂದೊಂದಾಗಿ ಎಲ್ಲ ಹುಂಜಗಳನ್ನೂ ಆರಿಸಿದಳು. ಒಂದೂ ತಪ್ಪಲಿಲ್ಲ. ನಮ್ಮ ಅರ್ಧಕ್ಕೆ ಇನ್ನೊಂದು ಮರಿ ಬರಬೇಕಿತ್ತು, ಮಂಕರಿಯಲ್ಲಿ ಹುಂಜ ಮುಗಿದಿತ್ತು. ಉಳಿದವನ್ನೆಲ್ಲ ಜಯಕ್ಕನ ಬುಟ್ಟಿಗೆ ತುಂಬಿ, "ಅದೊಂದೂ ನಿಮ್ಗೇ ಇರ್ಲಿ ಅವ್ವಾರೆ" ಎಂದಳು.

"ನಿಮ್ಗೆ ಕಮ್ಮಿ ಆಗಲ್ವಾ ಅಮ್ಮಾ?" ಜಯಕ್ಕನಿಗೆ ನಿಜವಾಗಿಯೂ ಸಂಕೋಚವಾಯಿತು. ಅವರ ಬುಟ್ಟಿಯಲ್ಲಿರುವುದು ಏನೆಂದು ಅವರಿಗೆ ಗೊತ್ತಿರಲಿಲ್ಲ. ನಾನು ಕಾಫಿ ಮಾಡುತ್ತೇನೆ ಎಂದೆ. ಈಗ್ತಾನೆ ಕುಡ್ಕಂಡ್ ಬಂದೆ ಮೇಡಂ ಎಂದು ಬುಟ್ಟಿ ಎತ್ತಿಕೊಂಡು ಹೋದರು.

ಅವರು ಗೇಟು ದಾಟಿದ ಮೇಲೆ ನನ್ನ ಸಿಟ್ಟೆಲ್ಲ ಅವ್ವನ ಮೇಲೆ ಹೋಯಿತು. ಕಣ್ಣು ಮಂಜಾಯಿತೇ ನಿನಗೆ, ಎಂದೂ ಇಲ್ಲದ ಒಂದು ದಿನ ಬಂದಿತ್ತು, ಅದನ್ನೂ ಕೈಯಾರೆ ಚೆಲ್ಲಿದೆಯಲ್ಲ, ಇನ್ನೂ ಯಾರಿಗೆ ಹೆದರುತ್ತೀಯ, ಇದು ಹಾಸನ, ಇದು ನಿನ್ನ ಮಗಳ ಮನೆ, ಎಂದೆಲ್ಲ ಕೂಗಾಡಿದೆ. ಕೊನೆಗೆ ಅಳು ಬಂತು.

ಅವ್ವ ಹುಂಜದ ಮರಿಗಳಿಗೆ ನುಚ್ಚು ಹಾಕಿ, ಕೈ ಕೊಡವಿಕೊಂಡು, ಮಂಕರಿ ಕವುಚಿ, ಅದರ ಮೇಲೊಂದು ಕಲ್ಲು ಇಟ್ಟಳು.

"ಕಣ್ಣು ಚೆಂದಾಗೇ ಕಾಣ್ತದೆ ಕಣವ್ವ. ಯಾಟೆ ಮಡಿಕಂಡ್ರೆ ಇವತ್ತಲ್ಲ ನಾಳಿಕೆ ಬಂದು ಕೇಳ್ತಾರೆ. ಉಂಜವ ಯಾರೂ ವಾಪಸ್ ಕೇಳಾಕಿಲ್ಲ."